ಲಿಂಬೆಯ ಅತ್ತರು: ಮೈಗೆ ಹಚ್ಚುವ ಮೊದಲು

ನಮ್ಮ ಮುದ್ದೇಬಿಹಾಳ ಕಡೆ ಉರುಸು, ಜಾತ್ರೆಗಳಲ್ಲಿ ಅತ್ತರಿನವ ಬಂದರೆ ಹತ್ತಿ ಅದ್ದಿ ಕಿವಿಯ ಸಂದಿಗೆ ಇಟ್ಟುಕೊಳ್ಳುವುದು ಹಳೆಯ ಶೋಕಿ. ನನಗೂ ಅದರ ಚಟ. ಹಿತ್ತಲಲ್ಲಿ ಕಾಗ್ಜಿ ಲಿಂಬೆ, ಮಲ್ಲಿಗೆ ಎರಡೂ ಇರುವಾಗ ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು ಅನ್ನಿಸಿತು. ಲಿಂಬೆ ಸಿಪ್ಪೆ ಹಿಂಡಿ ಕೊಬ್ಬರಿ ಎಣ್ಣೆಗೆ ಬೆರೆಸಿದೆ. ಕುತ್ತಿಗೆಗೆ, ಮುಂಗೈಗೆ ಹಚ್ಚಿಕೊಂಡು ತೊಗರಿ ಹೊಲಕ್ಕೆ ಹೋದೆ.

ಎರಡು ದಿನಕ್ಕೆ ಕೈ ಕೆಂಪಾಗಿ ಗುಳ್ಳೆ ಎದ್ದವು. ಗುಳ್ಳೆ ಮಾಯ್ದ ಮೇಲೆ ಉಳಿದ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗಲಿಲ್ಲ. ವೈದ್ಯರು ನೋಡಿ, "ಇದು ನಂಜಲ್ಲ, ಲಿಂಬೆ ಮತ್ತು ಬಿಸಿಲಿನ ಜಗಳ" ಅಂದರು.

ಕಾರಣ ಇಷ್ಟೇ. ಹಿಂಡಿ ತೆಗೆದ ಸಿಪ್ಪೆ ಎಣ್ಣೆಯಲ್ಲಿ ಬರ್ಗಾಪ್ಟೆನ್‌ನಂಥ ವಸ್ತುಗಳಿರುತ್ತವೆ. ಅವು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟಂತಾಗುತ್ತದೆ. ಅದಕ್ಕೇ ಸುಗಂಧ ಉದ್ಯಮದ ಅಂತರರಾಷ್ಟ್ರೀಯ ನಿಯಮದಲ್ಲಿ, ಮೈಮೇಲೆ ಉಳಿಯುವ ವಸ್ತುವಿಗೆ ಹಿಂಡಿದ ಲಿಂಬೆ ಎಣ್ಣೆ ಶೇ. 0.7ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಆವಿಯಲ್ಲಿ ಇಳಿಸಿದ ಎಣ್ಣೆಗೆ ಈ ಕಾಟ ಇಲ್ಲ. ಬರ್ಗಾಪ್ಟೆನ್ ಭಾರವಾದದ್ದು, ಆವಿಯ ಜೊತೆ ಮೇಲೆ ಏಳುವುದಿಲ್ಲ. ದಿನಾ ಬಿಸಿಲಲ್ಲಿ ದುಡಿಯುವ ನಮಗೆ ಇದೇ ಮುಖ್ಯ ಸಂಗತಿ.

ಈಗ ನಾನು ಮಾಡುವ ರೀತಿ ಹೀಗಿದೆ. ದರ ಬಿದ್ದಾಗ ಮಾರಲಾಗದ ಕಾಯಿಯ ಹಸಿ ಸಿಪ್ಪೆ ಸಾಕು. ಒಣಗಿಸಿದರೆ ಎಣ್ಣೆ ಹಾರಿಹೋಗುತ್ತದೆ. ಕುಕ್ಕರಿನಲ್ಲಿ ಅರ್ಧದಷ್ಟು ಸಿಪ್ಪೆ ಮತ್ತು ನೀರು. ಸೀಟಿ ತೆಗೆದು ಅಲ್ಲಿ ನಳಿಗೆ ಕೂಡಿಸಿ, ತಣ್ಣೀರಿನ ಬಕೆಟ್ಟಿನೊಳಗಿಂದ ಹಾಯಿಸಿ ಶೀಸೆಗೆ ಬಿಡಬೇಕು. ನಳಿಗೆ ಎಲ್ಲೂ ಕಟ್ಟಬಾರದು, ಕಟ್ಟಿದರೆ ಕುಕ್ಕರು ಸಿಡಿದೀತು. ಶೀಸೆಯಲ್ಲಿ ನೀರಿನ ಮೇಲೆ ತೇಲುವ ತೆಳು ಪದರವೇ ಎಣ್ಣೆ. ಭಾಳ ಸ್ವಲ್ಪ ಬರುತ್ತದೆ, ಗಾಬರಿಯಾಗಬೇಡಿ. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ. ಒಲೆಯಿಂದ ದೂರ ಇಡಿ.

ಲಿಂಬೆ ವಾಸನೆ ಹಗುರ, ತಾಸಿನೊಳಗೆ ಮಾಯ. ಹೂವಿನದು ಇನ್ನಷ್ಟು ಹೊತ್ತು ನಿಲ್ಲುತ್ತದೆ. ಬೇರು, ಕಟ್ಟಿಗೆಯ ವಾಸನೆ ಸಂಜೆವರೆಗೂ ಇರುತ್ತದೆ. ಮೂರೂ ಸೇರಿದರೇ ಬೆಚ್ಚನೆಯ ಅತ್ತರು. ಲಿಂಬೆ ಹೂವನ್ನೇ ಕೀಳಬೇಡಿ, ಕಾಯಿ ಕಳಕೊಂಡಂತೆ. ಮಲ್ಲಿಗೆ ಸಾಕು. ಅದನ್ನು ಕುದಿಸಿದರೆ ಕಂಪು ಕೆಡುತ್ತದೆ. ಹಿಂದಿನಿಂದ ಬಂದ ಉಪಾಯವೆಂದರೆ ಎಳ್ಳಿನ ನಡುವೆ ನೀರಿಲ್ಲದ ಹೂವು ಹರಡಿ, ದಿನಾ ಹಳೆಯದು ತೆಗೆದು ಹೊಸದು ಹಾಕುವುದು. ಎಂಟು ಹತ್ತು ದಿನಕ್ಕೆ ಎಳ್ಳು ಕಂಪು ಹೀರಿಕೊಳ್ಳುತ್ತದೆ. ಹಸಿ ಉಳಿದರೆ ಬೂಸ್ಟು ಬಂತೆಂದೇ ಲೆಕ್ಕ. ಆ ಎಳ್ಳಿನ ಎಣ್ಣೆ ತೆಗೆಸಿ, ಲಾವಂಚದ ಒಣ ಬೇರು ತುಂಡರಿಸಿ ವಾರ ನೆನೆಹಾಕಿ ಸೋಸಿ. ಗಂಧದೆಣ್ಣೆಯ ಖರ್ಚು ಇಲ್ಲ. ಲಾವಂಚ ಬದುವಿನ ಮಣ್ಣನ್ನೂ ಹಿಡಿಯುತ್ತದೆ. ಒಂದು ಚಮಚ ಈ ಎಣ್ಣೆಗೆ ಎರಡೇ ಹನಿ ಲಿಂಬೆ ಎಣ್ಣೆ ಸಾಕು.

ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ. ಕಪ್ಪು ಶೀಸೆಯಲ್ಲಿ ಕಂಠಮಟ್ಟ ತುಂಬಿ ತಂಪಿನಲ್ಲಿಡಿ. ಗಾಳಿ ತಾಗಿ ಹಳತಾದ ಲಿಂಬೆ ಎಣ್ಣೆಯಿಂದ ತುರಿಕೆ ಬರುತ್ತದೆ. ಇದೆಲ್ಲ ಮನೆಮಟ್ಟಿಗೆ. ಮಾರುವುದಾದರೆ ಸೌಂದರ್ಯವರ್ಧಕ ತಯಾರಿಕೆಯ ಪರವಾನಗಿ ಬೇಕು.

ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ನಾವು ಮಾತ್ರ ರಸದ ಲೆಕ್ಕ ಹಾಕಿ ಸಿಪ್ಪೆಯನ್ನು ತಿಪ್ಪೆಗೆ ಎಸೆಯುತ್ತೇವೆ. ನಾಲ್ಕಾರು ತೋಟದವರು ಸೇರಿ ಒಂದು ಭಟ್ಟಿ ಹಾಕಿದರೆ ಹೇಗೆ? ಮಾಡಿ ನೋಡಿದವರು ಬರೀರಿ. ನನ್ನ ಕೈಮೇಲಿನ ಕಲೆ ಮಾತ್ರ ಯಾರೂ ಮಾಡಿಕೊಳ್ಳಬೇಡ್ರಿ.