ಪೆಡಲ್ ನುಡಿಯುವ ಸಾಕ್ಷ್ಯ: ಹಳೆಯ ಅಮೆರಿಕನ್ ಐಷಾರಾಮಿ ಕಾರುಗಳ ಬ್ರೇಕ್ ದೋಷವನ್ನು ಗುರುತಿಸುವ ಬಗೆ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ ಎಂಬ ಪ್ಯಾಸ್ಕಲ್‌ನ ನಿಯಮವನ್ನು ಮಕ್ಕಳು ವಿಜ್ಞಾನ ಪಾಠದಲ್ಲಿ ಓದುತ್ತಾರೆ. ಉದಾಹರಣೆಗೆ ವಾಹನದ ಬ್ರೇಕನ್ನು ಬರೆದು ಅಂಕವನ್ನೂ ಪಡೆಯುತ್ತಾರೆ. ಆದರೆ ಬ್ರೇಕ್ ಕೆಟ್ಟಾಗ ಆ ನಿಯಮ ಎಲ್ಲಿ ಮುರಿದುಬಿತ್ತು ಎಂದು ಹುಡುಕುವುದು ಹೇಗೆ? ಇದನ್ನು ಅರಿಯಲು 1950 ಮತ್ತು 60ರ ದಶಕಗಳ ಕ್ಯಾಡಿಲಾಕ್, ಲಿಂಕನ್, ಪ್ಯಾಕಾರ್ಡ್‌ಗಳಂತಹ ಅಮೆರಿಕನ್ ಐಷಾರಾಮಿ ಕಾರುಗಳು ಬಹಳ ಒಳ್ಳೆಯ ಪಾಠ. ಇವುಗಳಲ್ಲಿ ಅನೇಕವು ಎರಡು ಟನ್ನಿಗೂ ಹೆಚ್ಚು ತೂಗುತ್ತವೆ. ಬಹುಪಾಲು ಕಾರುಗಳಿಗೆ ನಾಲ್ಕು ಚಕ್ರಗಳಲ್ಲೂ ಡ್ರಮ್ ಬ್ರೇಕ್. ದೋಷವನ್ನು ಪರದೆಯ ಮೇಲೆ ತೋರಿಸುವ ಕಂಪ್ಯೂಟರ್ ಇಲ್ಲ. ಚಾಲಕನ ಪಾದವೇ ಪರೀಕ್ಷೆಯ ಉಪಕರಣ.

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನೊಳಗಿನ ಪಿಸ್ಟನ್ ಬ್ರೇಕ್ ಆಯಿಲನ್ನು ಕೊಳವೆಗಳ ಮೂಲಕ ನೂಕುತ್ತದೆ. ಆ ಒತ್ತಡದಿಂದ ಪ್ರತಿ ಚಕ್ರದ ವೀಲ್ ಸಿಲಿಂಡರ್ ಬ್ರೇಕ್ ಶೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತದೆ. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಗಳಿಗೆ ಈ ವ್ಯವಸ್ಥೆಯನ್ನು ತಂದಿತು. ಕ್ಯಾಡಿಲಾಕ್ 1936ರಲ್ಲಿ ಇದನ್ನು ಅಳವಡಿಸಿಕೊಂಡಿತು. ಆದರೆ ಬಹುಕಾಲ ನಾಲ್ಕು ಚಕ್ರಗಳಿಗೂ ಒಂದೇ ಆಯಿಲ್ ಮಾರ್ಗವಿತ್ತು. ಒಂದು ಕೊಳವೆ ಒಡೆದರೆ ನಾಲ್ಕೂ ಬ್ರೇಕುಗಳು ಒಟ್ಟಿಗೇ ಹೋಗುತ್ತಿದ್ದವು. ಕ್ಯಾಡಿಲಾಕ್ 1962ರಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಮಾರ್ಗವಿರುವ ಜೋಡಿ ಮಾಸ್ಟರ್ ಸಿಲಿಂಡರನ್ನು ತಂದಿತು. ಅಮೆರಿಕದ ಕಾನೂನು ಅದನ್ನು ಕಡ್ಡಾಯ ಮಾಡಿದ್ದು 1968ರಿಂದ. ಅದಕ್ಕೂ ಹಿಂದಿನ ಕಾರಿನಲ್ಲಿ ಪೆಡಲ್ ಸ್ವಲ್ಪ ಬದಲಾದರೂ ಅಸಡ್ಡೆ ಸಲ್ಲದು.

ಪೆಡಲ್ ಆಳಕ್ಕೆ ಹೋಗುತ್ತದೆ ಎಂಬುದು ಅತಿ ಸಾಮಾನ್ಯ ದೂರು. ಇದನ್ನು ಕೇಳಿದ ಕೂಡಲೇ ಮಾಸ್ಟರ್ ಸಿಲಿಂಡರ್ ಬದಲಾಯಿಸಲು ಹೊರಡುವವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಇದು ಪ್ರಶ್ನೆಯನ್ನು ಓದದೆ ಉತ್ತರ ಬರೆದಂತೆ. ಏಕೆಂದರೆ ಈ ಒಂದು ದೂರಿನ ಹಿಂದೆ ಮೂರು ಬೇರೆ ಕಾರಣಗಳಿರಬಹುದು. ಕಾರು ನಿಂತಿರುವಾಗಲೇ ಪೆಡಲನ್ನು ಬೇಗಬೇಗನೆ ಮೂರು ನಾಲ್ಕು ಸಲ ಒತ್ತಿ ನೋಡಬೇಕು. ಪೆಡಲ್ ಮೇಲೆ ಬಂದು ಕಲ್ಲಿನಂತೆ ಗಟ್ಟಿಯಾಗಿ ನಿಂತರೆ ಆಯಿಲಿನಲ್ಲಿ ದೋಷವಿಲ್ಲ; ಶೂ ಸವೆದು, ಡ್ರಮ್ಮಿಗೂ ಅದಕ್ಕೂ ನಡುವಿನ ಅಂತರ ಹೆಚ್ಚಾಗಿದೆ. ಅಂತರವನ್ನು ಸರಿಹೊಂದಿಸಿದರೆ ಸಾಕು. ಮೇಲೆ ಬಂದರೂ ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯೊಳಗೆ ಗಾಳಿ ಸೇರಿದೆ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಾದಕ್ಕೆ ತಿಳಿಯುವ ಮೆತ್ತನೆ ಅದೇ. ಮೂರನೆಯದು ಹೆಚ್ಚು ಅಪಾಯಕಾರಿ: ಪೆಡಲ್ ಮೊದಲು ಗಟ್ಟಿಯಾಗಿಯೇ ಇದ್ದು, ಒತ್ತಿ ಹಿಡಿದಂತೆ ನಿಧಾನವಾಗಿ ಕೆಳಗಿಳಿಯುತ್ತದೆ. ಹಾಗಿದ್ದರೆ ಆಯಿಲ್ ಎಲ್ಲೋ ಜಾರುತ್ತಿದೆ. ಚಕ್ರಗಳ ಒಳಬದಿಯಲ್ಲಿ, ಕೊಳವೆಯ ಸಂಧಿಗಳಲ್ಲಿ ತೇವವಿದೆಯೇ ನೋಡಬೇಕು. ಹೊರಗೆ ಎಲ್ಲಿಯೂ ತೇವವಿಲ್ಲ, ಆಯಿಲಿನ ಮಟ್ಟವೂ ಇಳಿದಿಲ್ಲ ಎಂದಾದರೆ ಮಾತ್ರ ಮಾಸ್ಟರ್ ಸಿಲಿಂಡರಿನ ರಬ್ಬರ್ ವಾಷರನ್ನು ಶಂಕಿಸಬೇಕು.

ಮಟ್ಟ ಇಳಿಯುತ್ತಿದ್ದು ನೆಲದ ಮೇಲೆ ಹನಿಯೂ ಕಾಣದಿದ್ದರೆ? 1950ರ ದಶಕದ ಕೆಲವು ಪ್ಯಾಕಾರ್ಡ್, ಕ್ಯಾಡಿಲಾಕ್, ಲಿಂಕನ್ ಕಾರುಗಳಲ್ಲಿ ಬೆಂಡಿಕ್ಸ್ ಸಂಸ್ಥೆಯ ಟ್ರೆಡಲ್-ವ್ಯಾಕ್ ಎಂಬ ಸಾಧನವಿದೆ. ಮಾಸ್ಟರ್ ಸಿಲಿಂಡರ್ ಮತ್ತು ಪಾದದ ಬಲವನ್ನು ಹೆಚ್ಚಿಸುವ ಬೂಸ್ಟರ್ ಎರಡೂ ಅದರಲ್ಲಿ ಒಂದೇ ಘಟಕ. ಒಳಗಿನ ಸೀಲ್ ಹೋದರೆ ಆಯಿಲ್ ಬೂಸ್ಟರಿನೊಳಕ್ಕೆ ಸೋರಿ, ಅಲ್ಲಿಂದ ಎಂಜಿನ್ ಅದನ್ನು ಹೀರಿಕೊಂಡು ಸುಟ್ಟುಬಿಡುತ್ತದೆ. ಕಳ್ಳನ ಹೆಜ್ಜೆಗುರುತು ಅಂಗಳದಲ್ಲಿ ಇರುವುದಿಲ್ಲ. ಸೈಲೆನ್ಸರಿನ ಬಿಳಿ ಹೊಗೆಯಲ್ಲಿ ಇರಬಹುದು.

ಪೆಡಲ್ ಅತಿ ಗಡುಸಾಗಿ, ಎಷ್ಟು ತುಳಿದರೂ ಕಾರು ನಿಲ್ಲದಿದ್ದರೆ ಬೂಸ್ಟರ್ ಕಡೆಗೆ ನೋಡಬೇಕು. ಎಂಜಿನ್ ಹೀರುವಿಕೆಯಿಂದ ಉಂಟಾದ ನಿರ್ವಾತವೇ ಅದರ ಶಕ್ತಿ. ಎಂಜಿನ್ ನಿಲ್ಲಿಸಿ, ಪೆಡಲನ್ನು ಹಲವು ಸಲ ಒತ್ತಿ ಒಳಗಿನ ನಿರ್ವಾತವನ್ನು ಮುಗಿಸಿ, ಪಾದವನ್ನು ಮೇಲಿಟ್ಟುಕೊಂಡೇ ಎಂಜಿನ್ ಶುರುಮಾಡಬೇಕು. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಕದಲದಿದ್ದರೆ ಮೊದಲು ನಿರ್ವಾತದ ರಬ್ಬರ್ ಹೋಸ್ ಬಿರುಕುಬಿಟ್ಟಿದೆಯೇ ನೋಡಬೇಕು. ದುಬಾರಿ ಬೂಸ್ಟರನ್ನು ಬಿಚ್ಚುವುದು ಆಮೇಲಿನ ಮಾತು.

ಪೆಡಲ್ ಪಾದದಡಿ ನಾಡಿಯಂತೆ ಮಿಡಿದರೆ ಡ್ರಮ್ ತನ್ನ ದುಂಡು ಕಳೆದುಕೊಂಡಿದೆ ಎಂದರ್ಥ.

ಬ್ರೇಕ್ ಹಿಡಿದ ಮೇಲೆ ಬಿಡದಿರುವುದು ಇನ್ನೊಂದು ತೊಂದರೆ. ಒಂದೇ ಚಕ್ರ ಹಿಡಿದಿದ್ದರೆ, ಆ ಚಕ್ರದ ಗಾಳಿ ತೆಗೆಯುವ ನಿಪ್ಪಲನ್ನು ತುಸು ಸಡಿಲಿಸಬೇಕು. ಚಕ್ರ ಸ್ವತಂತ್ರವಾದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು ಎಂದಾಯಿತು. ಹಳೆಯ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು, ಆಯಿಲನ್ನು ಹೋಗಗೊಟ್ಟು ಮರಳಗೊಡದಿರುವುದುಂಟು. ಚಕ್ರ ಆಗಲೂ ಬಿಡದಿದ್ದರೆ ತುಕ್ಕು ಹಿಡಿದ ಸ್ಪ್ರಿಂಗ್ ಅಥವಾ ಕೇಬಲ್ ಕಾರಣ. ನಾಲ್ಕೂ ಚಕ್ರಗಳು ಹಿಡಿದಿದ್ದರೆ ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ಇರಬೇಕಾದ ಅಲ್ಪ ಸಡಿಲ ಇಲ್ಲವಾಗಿದೆ ಎಂದು ಊಹಿಸಬಹುದು.

ಇಷ್ಟೆಲ್ಲ ದೋಷಗಳಿಗೆ ಮೂಲ ಹಲವು ವೇಳೆ ಓಡಾಟವಲ್ಲ, ನಿಲುಗಡೆ. ಗ್ಲೈಕಾಲ್ ಆಧಾರಿತ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ನಿಯಮ. ತೇವಗೊಂಡ ಆಯಿಲಿಗೆ ಆ ಮಿತಿ 140 ಮಾತ್ರ. ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ, ಪೆಡಲ್ ಒಮ್ಮೆಲೇ ತಳ ಮುಟ್ಟುತ್ತದೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಅದೇ ತೇವ ಸಿಲಿಂಡರಿನ ಒಳಮೈಯಲ್ಲಿ ತುಕ್ಕಿನ ಕುಳಿಗಳನ್ನು ಕೊರೆಯುತ್ತದೆ. ಗಾಳಿ ತೆಗೆಯುವ ನೆಪದಲ್ಲಿ ಇಂತಹ ಕಾರಿನ ಪೆಡಲನ್ನು ತಳದವರೆಗೆ ತುಳಿಯಬಾರದು. ನಿತ್ಯ ಚಲಿಸುವ ಭಾಗವನ್ನು ದಾಟಿ ವಾಷರ್ ಆ ತುಕ್ಕಿನ ಮೇಲೆ ಉಜ್ಜಿದರೆ, ಅದುವರೆಗೆ ಸರಿಯಿದ್ದ ಸಿಲಿಂಡರ್ ಅಂದಿನಿಂದಲೇ ಸೋರತೊಡಗುತ್ತದೆ. ಪೆಡಲಿನಡಿ ಒಂದು ಮರದ ತುಂಡನ್ನಿಟ್ಟು ಅರ್ಧಕ್ಕೇ ತಡೆಯುವುದು ಕ್ಷೇಮ.

ದುರಸ್ತಿಯ ನಂತರ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿದು ನೋಡದೆ ರಸ್ತೆಗಿಳಿಯಬಾರದು. ಅದಕ್ಕೂ ಮೊದಲು ಹ್ಯಾಂಡ್ ಬ್ರೇಕನ್ನು ಸರಿಪಡಿಸಿಕೊಂಡಿರಬೇಕು: ಅದು ಕೇಬಲಿನಿಂದ ನಡೆಯುವುದರಿಂದ, ಒಂದೇ ಮಾರ್ಗದ ಹಳೆಯ ಕಾರಿನಲ್ಲಿ ಆಯಿಲನ್ನು ಅವಲಂಬಿಸದ ಬ್ರೇಕ್ ಅದೊಂದೇ.