ಕೊಟ್ಟಿಗೆಯ ಸಗಣಿ, ಅಡುಗೆಮನೆಯ ಉರಿ



ನಿಮ್ಮ ಮನೆಯ ಸಿಲಿಂಡರಿನಲ್ಲಿರುವ ಗ್ಯಾಸ್ ಎಲ್ಲಿಯದು ಗೊತ್ತೇ? ನಮ್ಮ ದೇಶ ಬಳಸುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಕತಾರ್, ಸೌದಿ ಅರೇಬಿಯಾದಂಥ ಕೊಲ್ಲಿ ದೇಶಗಳಿಂದ ಹಡಗಿನಲ್ಲಿ ಮಂಗಳೂರು ಮುಂತಾದ ಬಂದರುಗಳಿಗೆ ಬಂದಿಳಿಯುತ್ತದೆ. ಕಚ್ಚಾ ತೈಲದಲ್ಲೂ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಆಮದು. 1974ರಲ್ಲಿ ಮುಂಬಯಿ ಬಳಿಯ ಸಮುದ್ರದಲ್ಲಿ ತೈಲ ಸಿಕ್ಕಿತಾದರೂ ನಮ್ಮ ಬಾವಿಗಳ ಉತ್ಪಾದನೆ ಬೇಡಿಕೆಗೆ ಸಾಲುತ್ತಿಲ್ಲ. ಹಾಗಾಗಿ ಅಲ್ಲಿ ಯುದ್ಧವಾದರೆ ಇಲ್ಲಿ ನಮಗೆ ಬಿಸಿ ತಟ್ಟುತ್ತದೆ.

ತೈಲಬಾವಿ ಕೊರೆಯುವುದು ನಮ್ಮ ಕೈಲಿಲ್ಲ. ಆದರೆ ಕೊಟ್ಟಿಗೆಯಲ್ಲಿ ಸಗಣಿ ಇದೆ.

ಎಷ್ಟು ಸಗಣಿಗೆ ಎಷ್ಟು ಗ್ಯಾಸ್?

ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗೋಬರ್ ಗ್ಯಾಸ್ ಸಿಗುತ್ತದೆ. ಎರಡು ಮಿಶ್ರತಳಿ ಹಸುಗಳ ದಿನದ 25 ಕಿಲೋ ಸಗಣಿಗೆ 1 ಘನ ಮೀಟರ್ ಗ್ಯಾಸ್. ಮೂರು ನಾಲ್ಕು ಜನರ ಅಡುಗೆಗೆ ಇಷ್ಟು ಸಾಕು. ತಿಂಗಳಿಗೆ ಲೆಕ್ಕ ಹಾಕಿದರೆ ಹೆಚ್ಚು ಕಡಿಮೆ ಒಂದು ಸಿಲಿಂಡರಿನಷ್ಟು ಉರಿ. ಚಳಿಗಾಲದಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ.

ಇರುವ ಹಸುಗಳಿಗೆ ತಕ್ಕ ಅಳತೆಯ ಸ್ಥಾವರವನ್ನೇ ಕಟ್ಟಿಸಿ. ಎರಡು ಹಸುವಿಟ್ಟುಕೊಂಡು ಐದು ಹಸುವಿನ ಸ್ಥಾವರ ಕಟ್ಟಿದರೆ ಅದು ಅರೆಹೊಟ್ಟೆಯಲ್ಲೇ ಇರುತ್ತದೆ. ಹಸು ಒಂದೇ ಇದ್ದರೆ, ಬೇಸಿಗೆಯಲ್ಲಿ ನೀರಿಗೆ ತತ್ವಾರವಿದ್ದರೆ ಸದ್ಯಕ್ಕೆ ಬೇಡ.

ದಿನನಿತ್ಯದ ಪಾಲನೆ

ಸಗಣಿ ಎಷ್ಟೋ ನೀರೂ ಅಷ್ಟೇ ಹಾಕಿ, ಗಂಟಿಲ್ಲದಂತೆ ಕಲಸಿ ಬಿಡಿ. ಹುಲ್ಲು, ಕಲ್ಲು, ಮಣ್ಣು ಸೇರಬಾರದು.

ಗ್ಯಾಸ್ ಉತ್ಪಾದಿಸುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಫಿನಾಯಿಲ್, ಬ್ಲೀಚಿಂಗ್ ಪೌಡರ್, ಸೋಪಿನ ನೀರು ಅವನ್ನು ಕೊಲ್ಲುತ್ತವೆ. ಕೆಚ್ಚಲು ಬಾವು ಮುಂತಾದ ರೋಗಕ್ಕೆ ಆ್ಯಂಟಿಬಯೋಟಿಕ್ ಚುಚ್ಚುಮದ್ದು ಕೊಡಿಸಿದಾಗ ಆ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕುವುದಿಲ್ಲ ಅಲ್ಲವೇ? ಆ ದಿನಗಳಲ್ಲಿ ಅದರ ಸಗಣಿಯನ್ನೂ ಸ್ಥಾವರಕ್ಕೆ ಹಾಕಬೇಡಿ.

ಹೊರಬರುವ ಬಗ್ಗಡ ವ್ಯರ್ಥವಲ್ಲ. ಸಗಣಿಯಲ್ಲಿದ್ದ ಸಾರಜನಕ ಅದರಲ್ಲೇ ಉಳಿದಿರುತ್ತದೆ. ಬಿಸಿಲಿಗೆ ಒಣಗಿಸದೆ, ನೆರಳಿನಲ್ಲಿ ಕಾಂಪೋಸ್ಟ್ ಮಾಡಿ ಅಥವಾ ನೀರಿನೊಂದಿಗೆ ಮೇವಿನ ಹುಲ್ಲಿಗೆ ಹರಿಸಿ.

ಎಚ್ಚರಿಕೆ

ಸ್ಥಾವರದೊಳಗೆ ಯಾರೂ ಇಳಿಯಬಾರದು. ಖಾಲಿಯಾಗಿ ಕಂಡರೂ ಒಳಗಿನ ವಿಷಗಾಳಿ ನಿಮಿಷಗಳಲ್ಲಿ ಪ್ರಾಣ ತೆಗೆಯುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಉಳಿಯುವುದಿಲ್ಲ. ದುರಸ್ತಿಗೆ ನುರಿತವರನ್ನೇ ಕರೆಸಿ. ಬಗ್ಗಡದ ತೊಟ್ಟಿಗೆ ಮಕ್ಕಳು, ಕರುಗಳು ಬೀಳದಂತೆ ಮುಚ್ಚಳ ಹಾಕಿಸಿ. ಗ್ಯಾಸ್ ವಾಸನೆ ಬಂದರೆ ವಾಲ್ವ್ ಮುಚ್ಚಿ, ಕಿಟಕಿ ತೆರೆಯಿರಿ. ಬೆಂಕಿಕಡ್ಡಿ ಗೀರಬೇಡಿ, ಲೈಟ್ ಸ್ವಿಚ್ ಮುಟ್ಟಬೇಡಿ.

ಕಟ್ಟಿಸುವ ಮುನ್ನ ಒಂದು ವಾರ ದಿನದ ಸಗಣಿಯನ್ನು ತೂಗಿ ಬರೆದಿಡಿ. ಆ ಚೀಟಿ ಹಿಡಿದು ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ಸಹಾಯಧನದ ಬಗ್ಗೆ ವಿಚಾರಿಸಿ. ಎಷ್ಟು ದೊಡ್ಡ ಸ್ಥಾವರ ಬೇಕೆಂಬುದನ್ನು ಗುತ್ತಿಗೆದಾರರಲ್ಲ, ನಿಮ್ಮ ಹಸುಗಳೇ ಹೇಳಲಿ.