ಒರಟು ಕೀಲಿಯ ಕಾರಣಶೋಧ

ಯಾಂತ್ರಿಕ ಕೀಲಿಮಣೆಯಲ್ಲಿ ಪ್ರತಿಯೊಂದು ಕೀಲಿಗೂ ಪ್ರತ್ಯೇಕವಾದ ಸ್ವಿಚ್ಚು ಇರುವುದರಿಂದ, ಉಳಿದವೆಲ್ಲ ನಯವಾಗಿ ಇಳಿದೇಳುತ್ತಿರುವಾಗ ಯಾವುದೋ ಒಂದು ಮಾತ್ರ ಬೆರಳಿಗೆ ತರಿತರಿಯಾಗಿ ತೋರುವುದುಂಟು. ಇಂತಹ ಸಂದರ್ಭದಲ್ಲಿ ಎಣ್ಣೆಯ ಶೀಸೆಯನ್ನು ಕೈಗೆತ್ತಿಕೊಳ್ಳುವುದಕ್ಕೆ ಮೊದಲು, ಘರ್ಷಣೆಯು ಎಲ್ಲಿ ಜನಿಸುತ್ತಿದೆಯೆಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದು.

ಇಂದಿನ ಬಹುಪಾಲು ಸ್ವಿಚ್ಚುಗಳಿಗೆ ಮಾದರಿಯಾದದ್ದು ಜರ್ಮನಿಯ ಚೆರ್ರಿ ಸಂಸ್ಥೆಯು 1980ರ ದಶಕದಲ್ಲಿ ರೂಪಿಸಿದ ಎಂ.ಎಕ್ಸ್. ವಿನ್ಯಾಸ. ಅದರ ಎರಡು ಕವಚಗಳ ನಡುವೆ, ಸ್ಪ್ರಿಂಗಿನ ಆಧಾರದ ಮೇಲೆ, ಪ್ಲಾಸ್ಟಿಕ್ಕಿನ ದಂಡವೊಂದು ನಿಂತಿರುತ್ತದೆ. ಒತ್ತಿದಾಗ ಈ ದಂಡವು ಕವಚದ ಜಾಡುಗಳಲ್ಲಿ ಜಾರುತ್ತ ಸುಮಾರು 2 ಮಿಲಿಮೀಟರ್ ಇಳಿಯುವಷ್ಟರಲ್ಲಿ, ಅದುವರೆಗೆ ತನ್ನ ಕಾಲುಗಳಿಂದ ದೂರವಿರಿಸಿದ್ದ ಲೋಹದ ಎಲೆಯನ್ನು ಬಿಟ್ಟುಕೊಡಲು, ಆ ಎಲೆಯು ಎದುರಿನ ಸಂಪರ್ಕಬಿಂದುವನ್ನು ಮುಟ್ಟಿ ಅಕ್ಷರವು ಮೂಡುತ್ತದೆ. ಪೂರ್ಣ ಚಲನೆ 4 ಮಿಲಿಮೀಟರ್. ಹೀಗಾಗಿ ಸ್ವಿಚ್ಚಿನೊಳಗೆ ಒರಟುತನಕ್ಕೆ ಮುಖ್ಯವಾಗಿ ಎರಡು ನೆಲೆಗಳು: ದಂಡವು ಜಾಡನ್ನು ಉಜ್ಜುವ ಸ್ಥಳ, ಕಾಲು ಎಲೆಯನ್ನು ಉಜ್ಜುವ ಸ್ಥಳ. ಕಂದು ಬಣ್ಣದ ದಂಡವುಳ್ಳ ಜಾತಿಯಲ್ಲಿ ಆ ಕಾಲುಗಳಿಗೆ ಉದ್ದೇಶಪೂರ್ವಕವಾಗಿಯೇ ಸಣ್ಣ ಉಬ್ಬನ್ನಿತ್ತಿರುವುದರಿಂದ, ನಡುವಿನ ಆ ತಡೆಯನ್ನು ದೋಷವೆಂದು ಭ್ರಮಿಸಲಾಗದು.

ಪರೀಕ್ಷೆಯು ಹೊರಗಿನಿಂದ ಒಳಗೆ, ಒಂದು ಸಲಕ್ಕೆ ಒಂದೇ ಬದಲಾವಣೆಯಂತೆ ಸಾಗಬೇಕು. ಕೇಬಲನ್ನು ಕಳಚಿಟ್ಟು, ಕೀಲಿಯ ಕ್ಯಾಪನ್ನು ನೇರವಾಗಿ ಮೇಲಕ್ಕೆತ್ತಿ, ಅದೇ ಸಾಲಿನ ನೆರೆಯ ಕ್ಯಾಪಿನೊಡನೆ ಅದಲುಬದಲು ಮಾಡಿರಿ. ಒರಟುತನವೂ ಕ್ಯಾಪಿನೊಡನೆ ಸ್ಥಳಾಂತರ ಹೊಂದಿದರೆ ದೋಷವು ಕ್ಯಾಪಿನದೇ. ಇದ್ದಲ್ಲೇ ಉಳಿದರೆ ಸ್ವಿಚ್ಚಿನತ್ತ ತಿರುಗಬೇಕು. ಬೆಸುಗೆಯಿಲ್ಲದೆ ಸಿಕ್ಕಿಸುವ ಬಗೆಯ ಮಣೆಯಾದರೆ, ಅಪರೂಪಕ್ಕೆ ಬಳಕೆಯಾಗುವ ಸ್ಕ್ರಾಲ್ ಲಾಕ್‌ನಂತಹ ಕೀಲಿಯ ಸ್ವಿಚ್ಚನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ, ಪಿನ್ನುಗಳು ಬಾಗದಂತೆ ಇಟ್ಟು ನೋಡಬಹುದು. ಸ್ವಿಚ್ಚು ಬದಲಾದರೂ ಒರಟು ಅಲ್ಲಿಯೇ ನಿಂತರೆ, ಕವಚವನ್ನು ಹಿಡಿದಿರುವ ತಗಡು ಅದನ್ನು ಹಿಸುಕುತ್ತಿರಬಹುದು.

ಸ್ಪೇಸ್, ಎಂಟರ್, ಶಿಫ್ಟ್ ಮೊದಲಾದ ಉದ್ದನೆಯ ಕೀಲಿಗಳ ವಿಚಾರ ಬೇರೆ. ಅವುಗಳ ಎರಡು ತುದಿಗಳೂ ಸಮನಾಗಿ ಇಳಿಯಲೆಂದು ತಂತಿಯಿಂದ ಜೋಡಿಸಿದ ಸ್ಟೆಬಿಲೈಸರ್ ಇರುವುದರಿಂದ, ತಂತಿ ಬಾಗಿದ್ದರೆ ಸ್ವಿಚ್ಚು ನಿರ್ದೋಷಿಯಾಗಿದ್ದರೂ ಕೀಲಿಯು ತಡವರಿಸುತ್ತದೆ. ಸಾಮಾನ್ಯ ಕೀಲಿಯನ್ನೂ ನಡುವಿನಲ್ಲಿ ಒತ್ತಿ, ಬಳಿಕ ಅಂಚಿನಲ್ಲಿ ಒತ್ತಿ ಹೋಲಿಸುವುದು ಒಳ್ಳೆಯದು. ಮೇಜಿನ ಖಾನೆಯನ್ನು ಒಂದೇ ಬದಿಯಿಂದ ಎಳೆದರೆ ಸಿಕ್ಕಿಕೊಳ್ಳುವಂತೆ, ಅಂಚಿನ ಒತ್ತಡಕ್ಕೆ ದಂಡವೂ ವಾಲಿ ಜಾಡಿಗೆ ಉಜ್ಜುವುದು.

ಕಾರಣ ತಿಳಿದ ಮೇಲೆ ಚಿಕಿತ್ಸೆ ಸರಳ. ಧೂಳಾಗಿದ್ದರೆ ಗಾಳಿ ಊದಿ ತೆಗೆಯಬಹುದು. ಜಾಡಿನ ಘರ್ಷಣೆಯಾದರೆ ಸ್ವಿಚ್ಚನ್ನು ಬಿಚ್ಚಿ, ಕ್ರೈಟಾಕ್ಸ್ 205ರಂತಹ ಫ್ಲೋರಿನ್‌ಯುಕ್ತ ಗ್ರೀಸನ್ನು ಕುಂಚದಿಂದ ಅತಿ ತೆಳುವಾಗಿ ಜಾಡಿಗೆ ಸವರಬೇಕೇ ಹೊರತು, ಸಂಪರ್ಕಬಿಂದುವಿಗೆ ತಾಗಗೊಡಬಾರದು. ಕಂದು ಜಾತಿಯ ಕಾಲುಗಳಿಗೆ ಸವರಿದರೆ ಅದರ ಉಬ್ಬಿನ ಸ್ಪರ್ಶವೇ ಮಂಕಾಗುತ್ತದೆ. ಅಡುಗೆ ಎಣ್ಣೆಯೂ ತುಕ್ಕು ಬಿಡಿಸುವ ಸ್ಪ್ರೇಯೂ ಇಲ್ಲಿ ತಕ್ಕವಲ್ಲ. ಅವು ಧೂಳನ್ನು ಹಿಡಿದಿಡುವುವಲ್ಲದೆ, ಕೆಲವು ಪ್ಲಾಸ್ಟಿಕ್ಕುಗಳಿಗೆ ಹಾನಿಯನ್ನೂ ಉಂಟುಮಾಡುವುವು.

ಹೊಸ ಸ್ವಿಚ್ಚಿನ ಅಲ್ಪ ಒರಟುತನವು ಬಳಕೆಯಿಂದಲೇ ಸವೆದು ನಯವಾಗಬಹುದಾದ್ದರಿಂದ, ಬೆಸುಗೆ ಹಾಕಿದ ಮಣೆಯನ್ನು ಅಷ್ಟಕ್ಕಾಗಿ ಬಿಚ್ಚುವುದಕ್ಕಿಂತ ಕೆಲಕಾಲ ಕಾಯುವುದು ವಿವೇಕ. ಆದರೆ ಅಕ್ಷರವು ತಪ್ಪತೊಡಗಿದರೆ, ಇಲ್ಲವೆ ಒಂದು ಒತ್ತಿಗೆ ಎರಡು ಮೂಡತೊಡಗಿದರೆ, ಅದು ಘರ್ಷಣೆಯ ಎಲ್ಲೆಯನ್ನು ದಾಟಿ ಸಂಪರ್ಕದ ದೋಷವಾಗಿರುವ ಸಂಭವವೇ ಹೆಚ್ಚು. ಅದನ್ನು ಗ್ರೀಸು ಗುಣಪಡಿಸದು, ಸ್ವಿಚ್ಚನ್ನೇ ಬದಲಾಯಿಸಬೇಕು.